ಸ್ಕ್ರೂವಿನ ಮೇಲಿನ ಕೆಂಪು ಬಣ್ಣ

ರವಿವಾರ ಪೇಟೆ, ಬೆಳಗಾವಿ
9 ನವೆಂಬರ್ 2025

ತಮ್ಮ ಓಂಕಾರನಿಗೆ,

ಅಣ್ಣನ ಆಶೀರ್ವಾದಗಳು. ಆ ಲೇಹದ ಥಂಡಿಯಲ್ಲಿ ನಿನ್ನ ಮೊಣಕಾಲು ಹೇಗಿದೆ? ಅವ್ವ ಕಳಿಸಿದ ಶೇಂಗಾ ಹೋಳಿಗೆ ನಿನಗೆ ಮುಟ್ಟಿದವೋ, ಅಥವಾ ದಾರಿಯಲ್ಲೇ ಯಾವುದಾದರೂ ಪಲಟಣ ಅವುಗಳ ಮೇಲೆ ದಾಳಿ ಮಾಡಿತೋ? ಇಲ್ಲಿ ಎಲ್ಲರೂ ಕ್ಷೇಮ. ಖಾನಾಪುರದಲ್ಲಿ ಅವ್ವ ಗಟ್ಟಿಯಾಗಿದ್ದಾಳೆ. ಗಂಟಲಿನ ಆಪರೇಶನ್ ಆದ ಮೇಲೆ ದನಿ ಪಿಸುಮಾತಿಗೆ ಇಳಿದಿದೆಯೇ ಹೊರತು ಬೈಗುಳದ ಖಾರ ಇಳಿದಿಲ್ಲ. ನಂದಗಡದ ನಿನ್ನ ಮಾವನ ಮನೆಯಲ್ಲಿ ಐಶ್ವರ್ಯಾಳೂ ಕೂಸೂ ಆರಾಮ. ಹೋದ ವಾರ ಹೋಗಿ ನಿನ್ನ ಮಗಳ ಅಳು ಕೇಳಿ ಬಂದೆ. ಏನು ಕಂಠ! ಮೈಕಿಲ್ಲದೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂಥದ್ದು. ಅದು ಯಾರ ಕಡೆಯಿಂದ ಬಂತೆಂದು ಹೇಳುವುದಿಲ್ಲ. ಹೇಳಿದರೆ ನೀನು ಇಲ್ಲಿಗೇ ಓದು ನಿಲ್ಲಿಸುತ್ತೀ. ಫೋನ್ ಬಿಟ್ಟು ಪತ್ರ ಬರೆಯುತ್ತಿರುವುದೂ ಅದಕ್ಕೇ. ಆ ಹೆಸರು ಬಂದ ಕೂಡಲೇ ಫೋನನ್ನು ಕಟ್ ಮಾಡಬಹುದು. ಪತ್ರವನ್ನು ಹರಿದು ಚೆಲ್ಲಬೇಕೆಂದರೂ ಮೊದಲು ಒಡೆಯಬೇಕಲ್ಲ!

ನಿನ್ನ ಅಪ್ಪಣೆ ನನಗೆ ಬಾಯಿಪಾಠವಾಗಿದೆ. “ತೊಟ್ಟಲಕ್ಕ ಹಾಕೂ ದಿವಸ ಅವ್ವನ ಜೋಗುಳದ ಕ್ಯಾಸೆಟ್ಟ ಹಚ್ಚಣ್ಣಾ. ಅವ್ವನ ದನಿ ಅಷ್ಟ ಕೇಳಬೇಕು. ಆ ಮನಶ್ಯಾನ ಹೆಸರ ಯಾರೂ ಎತ್ತಬಾರದು.” ಆ ಮನುಷ್ಯ ಎಂದರೆ ನಮ್ಮಪ್ಪ ದುಂಡಪ್ಪ, ಕಂಪನಿ ನಾಟಕಗಳ ಕ್ರೂರ ದೇಸಾಯಿ. ರಂಗದ ಮೇಲೆ ನಕ್ಕರೆ ಮುಂದಿನ ಸಾಲಿನ ಮಕ್ಕಳು ತಾಯಂದಿರ ಸೆರಗಿನಲ್ಲಿ ಅಡಗುತ್ತಿದ್ದವು. ನೀನು ಸೈನ್ಯಕ್ಕೆ ಹೊರಟ ಬೆಳಗ್ಗೆ ಅದೇ ಗಂಟಲಲ್ಲಿ ಗುಡುಗಿದ್ದನ್ನು ಇಡೀ ಓಣಿ ಕೇಳಿತು: “ಹೋಗು! ಈ ಬಾಗಲಾ ಮತ್ತ ತುಳದ್ಯಂದ್ರ ನೋಡು!” ನೀನು ತುಳಿಯಲಿಲ್ಲ. ಅಪ್ಪ ಲಿಂಗೈಕ್ಯನಾದಾಗಲೂ ಅಂಗಳದಲ್ಲೇ ನಿಂತು, ಮಣ್ಣು ಹಾಕಿ, ಸಂಜೆಯ ರೈಲು ಹಿಡಿದೆ. ನಾನು ಯಾರ ಪರ ವಕೀಲಿಯೂ ಮಾಡುತ್ತಿಲ್ಲ. ಟೇಪು ರಿಪೇರಿ ಮಾಡುವವನು, ಟೇಪಿನ ಕಥೆ ಅಷ್ಟೇ ಹೇಳುತ್ತೇನೆ. ಪರದೆ ಸರಿಯಲಿ!

ಖಾನಾಪುರದ ಅಟ್ಟದಿಂದ ನಮ್ಮ ಎರಡು ಸ್ಪೀಕರಿನ ಜಪಾನಿ ಟೇಪನ್ನು ಇಳಿಸಿ ತಂದು ಅಂಗಡಿಯ ಮೇಜಿನ ಮೇಲೆ ಮಲಗಿಸಿದೆ. ಈಗ ಪುಣೆ, ಗೋವೆಯಿಂದೆಲ್ಲ ಜನ ಇಂಥ ಡಬ್ಬಿಗಳನ್ನು ಹೊತ್ತು ತರುತ್ತಾರೆ, ಅಜ್ಜನ ಕಾಲದ ನಾಣ್ಯದಂತೆ ಒರೆಸಿ ಒರೆಸಿ ತೋರಿಸುತ್ತಾರೆ. ಬೆನ್ನು ಬಿಚ್ಚಿದೆ. ಒಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಾಗಿತ್ತು. ಸ್ಪಿರಿಟ್ ಹಚ್ಚಿ ತಿಕ್ಕಿ ತೆಗೆದೆ. ಮೋಟಾರು ತುಕ್ಕು ಹಿಡಿದು ಸತ್ತಿತ್ತು. ಬೇರೊಂದು ಟೇಪಿನ ಮೋಟಾರು ಕೂಡಿಸಿ, ಹೊಸ ಬೆಲ್ಟ್ ಹಾಕಿ, ಜೋಗುಳದ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದೆ. ಅವ್ವನ ದನಿ ಬರಬೇಕಾದಲ್ಲಿ ಒಬ್ಬ ಗಂಡಸು ಹಾಡತೊಡಗಿದ! ಬಾಜು ಬೆಲ್ಲದ ಅಂಗಡಿಯ ಪಾರೀಸ ತಕ್ಕಡಿ ಬಿಟ್ಟು ಇಣುಕಿದ. “ಏನ್ರೀ ಸೋಮಲಿಂಗಣ್ಣಾ, ನಿಮ್ಮವ್ವಾರಿಗೆ ಮೀಸಿ ಬಂದಾವೇನ್ರಿ?”

ಮೋಟಾರು ನಿಧಾನ ತಿರುಗುತ್ತಿದೆ ಎಂದುಕೊಂಡೆ. ಸ್ಪೀಡು ಇಳಿದರೆ ಹೆಣ್ಣಿನ ದನಿ ಗಂಡಾಗುತ್ತದೆ, ಗಂಡಿನ ದನಿ ಗೂಳಿಯದಾಗುತ್ತದೆ. ನಮ್ಮ ಕಸುಬಿನಲ್ಲಿ ಇದು ನೆಗಡಿಯಷ್ಟು ಸಾಮಾನ್ಯ. ಮೋಟಾರಿನ ಬೆನ್ನಲ್ಲಿ ಒಂದು ಸಣ್ಣ ತೂತು, ಅದರೊಳಗೆ ಒಂದು ಸ್ಕ್ರೂ. ಅದನ್ನು ತಿರುವಿದರೆ ಸ್ಪೀಡು ಏರುತ್ತದೆ, ಇಳಿಯುತ್ತದೆ. ಆದರೆ ತಿರುವುವ ಮೊದಲು ಅಳೆಯಬೇಕು. ಒಂದೇ ಸ್ವರ ತುಂಬಿದ ಪರೀಕ್ಷೆಯ ಕ್ಯಾಸೆಟ್ ಹಾಕಿ ನೋಡಿದೆ. ಸ್ಪೀಡು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಪ್ಪನ ದೇಸಾಯಿ ಪಾತ್ರದ ಕ್ಯಾಸೆಟ್ ಹಾಕಿದೆ. ಅಂಗಡಿಯ ಗಾಜು ನಡುಗುವ ಹಾಗೆ ನಕ್ಕ, ರಂಗದ ಮೇಲೆ ನಗುತ್ತಿದ್ದಂತೆಯೇ. ನಿನಗೆ ನೆನಪಿದೆಯೇ, ಮನೆಯ ಟೇಪಿನಲ್ಲಿ ಆ ನಗೆ ಆಡಿನ ಮರಿ ಅರಚಿದಂತೆ ಬರುತ್ತಿತ್ತು? ನೀನು ಬಗ್ಗಿ ಕುಂತು ಹಾಗೇ ಅರಚಿ ತೋರಿಸುತ್ತಿದ್ದೆ, ಮನೆಯವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಮೂಲೆಯಲ್ಲಿ ಅಪ್ಪ ಮೀಸೆ ತೀಡಿಕೊಳ್ಳುತ್ತ ಒಂದೇ ಮಾತು ಹೇಳುತ್ತಿದ್ದ: “ನಮ್ಮ ಟೇಪ ಜರಾ ಚುರುಕ ಐತಿ, ಏನ ಮಾಡೂದು.”

ಆಗ ಸತ್ತ ಮೋಟಾರನ್ನು ಕೈಗೆತ್ತಿಕೊಂಡೆ. ಸ್ಕ್ರೂ ಅಲುಗಬಾರದೆಂದು ನಾವು ರಿಪೇರಿಯವರು ಅದರ ಮೇಲೆ ಒಂದು ಹನಿ ಉಗುರುಬಣ್ಣ ಬಿಡುತ್ತೇವೆ. ಇದರ ಮೇಲೆ ಇದ್ದದ್ದು ಬೇರೆ ಬಣ್ಣ. ದಪ್ಪ, ಎಣ್ಣೆ ಎಣ್ಣೆ, ಕಡುಗೆಂಪು. ಆ ಬಣ್ಣ ನನಗೆ ಗೊತ್ತು. ಚಿಕ್ಕವನಿದ್ದಾಗ ಗ್ರೀನ್‌ರೂಮಿನಲ್ಲಿ ಕನ್ನಡಿ ಹಿಡಿದು ನಿಂತವನು ನಾನೇ. ಅದು ದೇಸಾಯಿಯ ಹಣೆಯ ನಾಮದ ಬಣ್ಣ. ಅಂದರೆ ಟೇಪಿನ ಸ್ಪೀಡು ತಾನಾಗಿ ಕೆಟ್ಟಿರಲಿಲ್ಲ, ಅಪ್ಪ ಕೈಯಾರೆ ಕೆಡಿಸಿ ಮುದ್ರೆ ಒತ್ತಿದ್ದ.

ಎಲ್ಲ ಕಟ್ಟಿಕೊಂಡು ಖಾನಾಪುರಕ್ಕೆ ಹೋದೆ. ಅವ್ವ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಟೇಪನ್ನು ಎದುರಿಗಿಟ್ಟು ಗುಂಡಿ ಒತ್ತಿದೆ. ಆಕೆಯ ಬೆರಳು ನಿಂತವು. ಹಾಡು ಮುಗಿಯುವ ತನಕ ಒಂದು ಕಾಯಿಯನ್ನೂ ಮುಟ್ಟಲಿಲ್ಲ. ಆಮೇಲೆ ಪಿಸುಗುಟ್ಟಿದಳು: “ನಿಮ್ಮಪ್ಪಂದ ಅದು. ಯಾವಾಗಿದ್ರೂ ಅವರದ.” ನೀನು ಹಾಲು ಕುಡಿಯುವ ಕೂಸಿದ್ದಾಗ ಅವ್ವನಿಗೆ ವಿಷಮಜ್ವರ ಬಂದು ಆಸ್ಪತ್ರೆ ಸೇರಿದ್ದಳಂತೆ. ಆ ದಿನಗಳಲ್ಲಿ ನಿನ್ನನ್ನು ಹಾಡಿ ಮಲಗಿಸಿದವನು ಅಪ್ಪ. ಆಕೆ ಮನೆಗೆ ಬಂದ ಮೇಲೂ ಆ ಹಾಡಿಲ್ಲದೆ ನೀನು ಕಣ್ಣು ಮುಚ್ಚಲಿಲ್ಲವಂತೆ. ಅಪ್ಪನಿಗೋ ಕಂಪನಿ ಕ್ಯಾಂಪಿಗೆ ಹೊರಡಬೇಕು. ಕ್ಯಾಸೆಟ್ಟಿಗೆ ಹಾಡಿಟ್ಟ. ಆದರೆ ಓಣಿಯವರು ಕೇಳಿದರೆ? “ದೇಸಾಯಿ ಜೋಗಳಾ ಹಾಡತಾನಂತ ಗೊತ್ತಾದ್ರ ನನಗ ಯಾರ ಹೆದರತಾರ ಚಂದ್ರವ್ವಾ?” ಎಂದನಂತೆ. ಏರುಶ್ರುತಿಯ ಗಂಟಲು, ಮೆಲ್ಲಗೆ ಹಾಡಿದ್ದು ಬೇರೆ. ಸ್ಪೀಡು ಹೆಚ್ಚಿಸಿದೊಡನೆ ಹೆಣ್ಣಿನ ದನಿಯಾಯಿತು. ಅಪ್ಪ ದನಿಗೂ ವೇಷ ಹಾಕಿದ. ಯಾರಿಗೂ ಹೇಳಬಾರದೆಂದು ಅವ್ವನಿಂದ ಆಣೆ ಮಾಡಿಸಿಕೊಂಡ. ನಿನಗಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಆಣಿ ಅಂದ್ರ ಆಣಿ,” ಎಂದು ಮತ್ತೆ ಕಾಯಿಗೆ ಕೈಹಚ್ಚಿದಳು. “ಮುರದಾಕಿ ನಾ ಅಲ್ಲ. ನಿನ್ನ ಮೋಟಾರ.”

ಕಂಡದ್ದನ್ನು ಕಂಡಂತೆ ಬರೆದಿದ್ದೇನೆ. ಒಂದು ಮಾತು ಮಾತ್ರ ನನ್ನದು: ತನ್ನ ದೇಸಾಯಿಯನ್ನು ಮನೆಮಂದಿಯ ಮುಂದೆ ಆಡಿನ ಮರಿ ಮಾಡಿಕೊಂಡು ವರ್ಷಗಟ್ಟಲೆ ನಗೆಪಾಟಲಾದವನು, ಆ ಸ್ಕ್ರೂವನ್ನು ಒಮ್ಮೆಯೂ ಹಿಂದಕ್ಕೆ ತಿರುವಲಿಲ್ಲ. ತಿರುವಿದ್ದರೆ ಜೋಗುಳ ಬಯಲಾಗುತ್ತಿತ್ತು.

ರಜೆ ಮಂಜೂರಾದ ಕೂಡಲೇ ತಿಳಿಸು, ಸಾಂಬ್ರಾ ವಿಮಾನ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಕಿವಿಗೆ ಉಣ್ಣೆ ಟೋಪಿ ಬಿಡಬೇಡ. ಬಸವಣ್ಣ ನಿನ್ನನ್ನು ಕಾಯಲಿ, ನಿನ್ನ ತುಕಡಿಯ ಹುಡುಗರನ್ನೂ ಕಾಯಲಿ. ಅವ್ವನ ಬೈಗುಳ, ಪಾರೀಸನ ನಮಸ್ಕಾರ ಇದರೊಂದಿಗೆ.

ನಿನ್ನ ಅಣ್ಣ,
ಸೋಮಲಿಂಗ

ತಾ.ಕ.: ಅಂಚೆಯ ಹೊತ್ತಾಯಿತು, ಮುಖ್ಯ ಮಾತೇ ಉಳಿದಿದೆ. ಹೊಸ ಮೋಟಾರಿನ ಸ್ಕ್ರೂವಿಗೆ ನಾನು ಬಣ್ಣ ಬಿಟ್ಟಿಲ್ಲ. ಬಲಕ್ಕೆ ತಿರುವಿದರೆ ಅವ್ವ, ಎಡಕ್ಕೆ ತಿರುವಿದರೆ ಅಪ್ಪ. ಸಣ್ಣ ಸ್ಕ್ರೂಡ್ರೈವರನ್ನು ಟೇಪಿನ ಹಿಡಿಕೆಗೇ ದಾರದಿಂದ ಕಟ್ಟಿದ್ದೇನೆ. ಮಗಳು ನಿನ್ನವಳು, ತೊಟ್ಟಿಲ ದಿನ ತಿರುವುವ ಕೈಯೂ ನಿನ್ನದೇ ಇರಲಿ. ಯಾವ ಕಡೆ ತಿರುವಿದರೂ ನಾನು ಮಾತಾಡುವುದಿಲ್ಲ. ಆದರೆ ಹಾಡು ಮುಗಿದ ಕೂಡಲೇ ಬಂದ್ ಮಾಡಬೇಡ. ಕೊನೆಗೆ ಒಂದು ಮಾತು ಬರುತ್ತದಲ್ಲ, ಶಾಲೆಗೆ ಹೋಗುವಷ್ಟು ದೊಡ್ಡವನಾದರೂ ನೀನು ಅದನ್ನು ಕೇಳಿಯೇ ಮಲಗುತ್ತಿದ್ದೆ. ಅದನ್ನಷ್ಟು ಒಮ್ಮೆ ಎಡಕ್ಕೆ ತಿರುವಿ ಕೇಳು: “ಮಲಕೊ ನನ್ನಪ್ಪಾ. ನಾ ಎಲ್ಲೂ ಹೋಗಿಲ್ಲ, ಇಲ್ಲೇ ಬಾಗಲದಾಗ ಕುಂತೀನಿ.”