ಕುಕ್ಕರುಗಾಲಲ್ಲಿ ಕೂತವನ ತಲೆ

ಗಾಜಿನ ಕೋಣೆಯಲ್ಲಿ ತಣ್ಣಗೆ ಕೂತು ನಮ್ಮ ಊರಿನ ಬೇಸ್‌ಬಾಲ್ ತಂಡ ಕಟ್ಟುವ ಮಾನ್ಯ ಪ್ರಧಾನ ವ್ಯವಸ್ಥಾಪಕರೇ,

ನಿಮ್ಮ ಒಂದು ಮಾತಿನಿಂದ ನನ್ನ ಗಂಡನ ತಲೆಬುರುಡೆ ಬಿರುಕು ಬಿಟ್ಟಿದೆ. ಬ್ಯಾಟು ಬೀಸಿದ ಕೈ ನಿಮ್ಮದಲ್ಲ, ಗೊತ್ತು. ಆ ಹೊತ್ತಿಗೆ ನೀವು ಊಟ ಮಾಡುತ್ತಿದ್ದಿರಿ ಎಂದು ನಿಮ್ಮ ವಕೀಲರು ಸಾಬೀತು ಮಾಡಬಹುದು. ಆದರೂ ಈ ಪತ್ರ ನಿಮಗೇ. ಊರೆಲ್ಲ ಓದಲಿ ಎಂದೇ ಪತ್ರಿಕೆಗೆ ಕೊಟ್ಟಿದ್ದೇನೆ.

ಕ್ರೀಡಾಂಗಣದ ಎಡಗೋಡೆಯ ಹಿಂದಿನ ಬೀದಿಯಲ್ಲಿ ನಮ್ಮ ಬಾರ್ ಇದೆ. ಉಕ್ಕಿನ ಕಾರ್ಖಾನೆಯವರು ಪಾಳಿ ಮುಗಿಸಿ ನೇರ ಅಲ್ಲಿಗೇ ಬರುತ್ತಾರೆ. ಜುಲೈ ಮುಗಿಯುವುದರೊಳಗೆ ಬೇರೆ ತಂಡಗಳ ಜೊತೆ ಆಟಗಾರರ ಅದಲುಬದಲು ಮುಗಿಸಬೇಕಲ್ಲ, ಹಾಗಾಗಿ ಈ ತಿಂಗಳಿಡೀ ಅಲ್ಲಿ ಒಂದೇ ವಾದ: ತರಬೇಕಾದ್ದು ಚೆಂಡು ಎಸೆಯುವವನನ್ನೋ, ಬಾರಿಸುವವನನ್ನೋ? ನೀವಾದರೂ ಒಂದು ಮಾತು ಹೇಳಿ ಮುಗಿಸಬಹುದಿತ್ತು. ಹೇಳಿದಿರಾ? ಸೋಮವಾರ ರೇಡಿಯೋದಲ್ಲಿ "ಎಸೆಗಾರಿಕೆಯೇ ಗೆಲುವಿನ ಬುನಾದಿ" ಎಂದಿರಿ. ಬುಧವಾರ "ರನ್ ಬಾರದೆ ಗೆಲುವಿಲ್ಲ" ಎಂದಿರಿ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ವಿದ್ಯೆಗೆ ಅಮೆರಿಕದಲ್ಲಿ ಇಷ್ಟು ಒಳ್ಳೆಯ ಸಂಬಳವಿದೆ ಎಂದು ನನಗೆ ತಿಳಿದಿರಲಿಲ್ಲ. ಶುಕ್ರವಾರ ಮತ್ತೆ ರೇಡಿಯೋಗೆ ಬಂದು ಏನೆಂದಿರಿ? "ಇಬ್ಬರಲ್ಲಿ ಒಬ್ಬರನ್ನ ತರ್ತೀವಿ. ಬದಲಿಗೆ ಕೊಡೋದಕ್ಕೆ ನಮ್ಮ ಹತ್ರ ಒಬ್ಬ ಕ್ಯಾಚರ್ ಇದ್ದಾನೆ."

ಬಾರಿಸುವವನ ಬೆನ್ನ ಹಿಂದೆ ಕೂತು ಚೆಂಡು ಹಿಡಿಯುವವನನ್ನೇ ಕೊಟ್ಟುಬಿಡುವ ಆ ಕೊನೆಯ ವಾಕ್ಯ ಬಾರ್‌ನಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಅಷ್ಟರಲ್ಲೇ ಗಸ್ ಮೇಜು ಗುದ್ದಿದ್ದ. ಗಸ್ ಬಾರಿಸುವವರ ಪಕ್ಷ, ಅವನ ತಂಗಿಯ ಗಂಡ ವರ್ನನ್ ಎಸೆಯುವವರ ಪಕ್ಷ.

"ಮೂರು ವರ್ಷದಿಂದ ಎಸೆಯೋರನ್ನೇ ತಂದು ಗುಡ್ಡೆ ಹಾಕಿದಾರೆ. ನಿನ್ನೆ ಎಷ್ಟು ರನ್ ಆಯ್ತೋ? ಸೊನ್ನೆ!" ಎಂದ ಗಸ್.

"ಎದುರಾಳಿಗೆ ಎಂಟು ರನ್ ಬಿಟ್ಟುಕೊಟ್ಟು ಒಂಬತ್ತು ಹೊಡೀತೀಯಾ ನೀನು? ನಿನ್ನ ತಂಗಿ ಸರಿಯಾಗೇ ಹೇಳ್ತಾಳೆ, ನಿಮ್ಮ ಮನೇಲಿ ಯಾರಿಗೂ ಲೆಕ್ಕ ಬರಲ್ಲ."

"ನನ್ನ ತಂಗಿ ಹೆಸರು ಎತ್ತಬೇಡ, ಹಲ್ಲು ಉದುರಿಸಿಬಿಡ್ತೀನಿ."

ಉದುರಿಸಿದ. ಎರಡು ಹಲ್ಲು ಪಿರೋಗಿ ಕಡುಬಿನ ತಟ್ಟೆಗೆ ಬಿದ್ದವು. ವರ್ನನ್ ಬಿಯರ್ ಮಗ್ಗು ಎತ್ತಿ ಗಸ್‌ನ ಕಿವಿಯ ಮೇಲೆ ಒಡೆದ. ಇಬ್ಬರ ಅಂಗಿಯೂ ನೆತ್ತರಿನಲ್ಲಿ ನೆನೆಯಿತು. ಬಿಡಿಸುವವರು ಯಾರು? ಎಲ್ಲರಿಗೂ ಒಂದೊಂದು ಪಕ್ಷ ಇತ್ತಲ್ಲ! ನಾನು ಕೂಗಿದೆ. ನನ್ನ ಕೂಗನ್ನೂ ಯಾರೋ ಯಾವುದೋ ಪಕ್ಷಕ್ಕೆ ಸೇರಿಸಿ ಚಪ್ಪಾಳೆ ಹೊಡೆದರು.

ಆಗ ಗಸ್ ಗೋಡೆಗೆ ನೇತುಹಾಕಿದ್ದ ಹಳೇ ಬ್ಯಾಟು ಕಿತ್ತುಕೊಂಡ. "ಎಸಿಯೋ ಗಂಡಸೇ! ಯಾವುದು ದೊಡ್ಡದು ಅಂತ ಈಗಲೇ ನೋಡಿಬಿಡೋಣ." ವರ್ನನ್ ಬಿಲಿಯರ್ಡ್ಸ್ ಥರದ ಪೂಲ್ ಆಟದ ಮೇಜಿನ ಮೇಲಿಂದ ಒಂದು ಚೆಂಡು ತೆಗೆದುಕೊಂಡ. ಆ ಚೆಂಡು ಕಲ್ಲಿಗಿಂತ ಗಟ್ಟಿ.

ಬುದ್ಧಿ ಇರುವವರು ಅಂಥ ಹೊತ್ತಿನಲ್ಲಿ ಬಾಗಿಲ ಕಡೆ ಓಡುತ್ತಾರೆ. ನನ್ನ ಗಂಡ ಸ್ಟಾಶ್ ಕಾರ್ಖಾನೆಯ ತಂಡಕ್ಕೆ ವಯಸ್ಸೆಲ್ಲ ಕ್ಯಾಚರ್ ಆಗಿದ್ದವನು, ಮಂಡಿ ಎರಡೂ ಸವೆಸಿಕೊಂಡವನು. ಒಬ್ಬನ ಕೈಯಲ್ಲಿ ಚೆಂಡು, ಇನ್ನೊಬ್ಬನ ಕೈಯಲ್ಲಿ ಬ್ಯಾಟು ಕಂಡರೆ ಕ್ಯಾಚರ್ ಹೋಗುವ ಜಾಗ ಒಂದೇ. ಅವನು ಬ್ಯಾಟಿನ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತ. ಯಾಕೆಂದರೆ ಅವನ ಹಿಂದೆ ನಾನಿದ್ದೆ, ಗ್ಲಾಸುಗಳ ತಟ್ಟೆ ಹಿಡಿದುಕೊಂಡು.

ವರ್ನನ್ ಎಸೆದ. ಗಸ್ ಬೀಸಿದ, ಗುರಿ ತಪ್ಪಿತು. ಚೆಂಡು ಸ್ಟಾಶ್‌ನ ಬರಿಗೈಗೆ ಬಂದು ಬಡಿಯಿತು. ಎಡಗೈಯ ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಅದೇ ಕ್ಷಣ, ಬೀಸಿದ ಬ್ಯಾಟು ಪೂರ್ತಿ ಸುತ್ತಿ ಬಂದು ಅವನ ಕಿವಿಯ ಮೇಲ್ಗಡೆಗೆ ಅಪ್ಪಳಿಸಿತು. ಅವನು ಮುಂದಕ್ಕೆ ಮುಗ್ಗರಿಸಿ ಬಿದ್ದ, ನೆಲದ ಮೇಲೆ ನೆತ್ತರು ಹರಿಯಿತು. ಆಂಬುಲೆನ್ಸಿನವರು ಬಂದಾಗಲೂ ಮುರಿದ ಬೆರಳುಗಳ ನಡುವೆ ಆ ಚೆಂಡು ಇತ್ತು, ಬಿಟ್ಟಿರಲಿಲ್ಲ.

ಈಗ ಹೇಳಿ ಮಾನ್ಯರೇ, ಗೆದ್ದವರು ಯಾರು? ಎಸೆತವೋ, ಹೊಡೆತವೋ? ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುವವರು ಕ್ಯಾಚರ್‌ನ ಹೆಂಡತಿಯಾಗಿ ಬಾಳಿದವರಲ್ಲ. ಕೋಣಗಳೆರಡು ಗುದ್ದಾಡಿದರೆ ಸಾಯುವುದು ನಡುವಿನ ಗಿಡ. ಏನು ತರಬೇಕು ಎಂದು ಊರಿಗೆ ಊರೇ ಬಡಿದಾಡುತ್ತಿದೆ. ಏನು ಕೊಡುತ್ತಿದ್ದೀರಿ ಎಂದು ಕೇಳಿದವನು ಸ್ಟಾಶ್ ಒಬ್ಬನೇ. ಅಂದು ಬೆಳಿಗ್ಗೆಯೇ ಪತ್ರಿಕೆ ಮಡಚಿಟ್ಟು, "ಒಬಾಂಡೊನ ಕಳಿಸಿಬಿಡ್ತಾರೆ ಕಣೇ, ಈ ಪೆದ್ದರು," ಎಂದಿದ್ದ. ನಮ್ಮ ಕ್ಯಾಚರ್ ಒಬಾಂಡೊ ಕಳೆದ ತಿಂಗಳು ಉಗುರು ಕಿತ್ತುಹೋದ ಬೆರಳಿಗೆ ಪಟ್ಟಿ ಸುತ್ತಿಕೊಂಡೇ ಆಡಿದ. ಮಣ್ಣಿಗೆ ಬೀಳುವ ಚೆಂಡನ್ನು ಎದೆಯೊಡ್ಡಿ ತಡೆಯುತ್ತಾನೆ. ನೀವು ಮೂರು ವರ್ಷ ತಂದು ತುಂಬಿದ ಎಸೆಗಾರರು ಧೈರ್ಯವಾಗಿ ಎಸೆಯುವುದೇ ಅವನು ಹಿಂದಿದ್ದಾನೆಂದು. ನಿಮ್ಮ ಲೆಕ್ಕದಲ್ಲಿ ಅವನು ಬದಲಿಗೆ ಕೊಡುವ ಚಿಲ್ಲರೆ!

ಸ್ಟಾಶ್‌ಗೆ ಈಗ ಮಾತು ಬರುತ್ತಿಲ್ಲ. ಮರಳಿ ಬರಬಹುದು, ಬಾರದೆಯೂ ಇರಬಹುದು ಎನ್ನುತ್ತಾರೆ ಡಾಕ್ಟರು. ಅವನ ದನಿ ಇಲ್ಲದ ಮನೆಗೆ ಹೋಗಲು ನನಗೆ ಭಯವಾಗುತ್ತದೆ. ನಿನ್ನೆ ಮಧ್ಯಾಹ್ನ ಅವನ ಬಲಗೈ ಮೆಲ್ಲಗೆ ಜರುಗಿ ತೊಡೆಗಳ ನಡುವೆ ಹೋಯಿತು. ನರ್ಸ್ ಮುಖ ತಿರುಗಿಸಿದಳು. ನಾನು ಅತ್ತುಬಿಟ್ಟೆ. ಕ್ಯಾಚರ್ ಎಸೆಯುವವನಿಗೆ ಗುಟ್ಟಾಗಿ ಬೆರಳುಸನ್ನೆ ಮಾಡುವುದು ಅಲ್ಲಿಂದಲೇ. ಒಂದು ಬೆರಳಾದರೆ ಹೂಂ, ಎರಡಾದರೆ ಊಹೂಂ ಎಂದು ನಾವು ಗೊತ್ತು ಮಾಡಿಕೊಂಡೆವು. ನೀರು ಬೇಕಾ? ಒಂದು. ನೋವಿದೆಯಾ? ಒಂದು. ಆಮೇಲೆ ನಾನೇ ಕೇಳಿದೆ:

"ಸ್ಟಾಶ್, ಎಸೆಯೋನನ್ನ ತರಬೇಕೇನೋ?"

ಎರಡು.

"ಹಾಗಾದ್ರೆ ಬಾರಿಸೋನನ್ನ?"

ಎರಡು.

"ಒಬಾಂಡೊನ ಕೊಟ್ಟುಬಿಡ್ಲಾ ಅವರು?"

ಬೆರಳುಗಳೆಲ್ಲ ಒಳಕ್ಕೆ ಮಡಚಿಕೊಂಡವು. ಅವನು ಮುಷ್ಟಿ ಎತ್ತಿ ಮಂಚದ ಕಂಬಿಗೆ ಗುದ್ದಿದ. ಗ್ಲುಕೋಸ್ ಬಾಟಲಿ ಅಲ್ಲಾಡಿತು.

ನನ್ನ ಬೇಡಿಕೆ ಇಷ್ಟೇ. ಒಬಾಂಡೊ ಈ ಊರಲ್ಲೇ ಇರಬೇಕು. ಅವನನ್ನು ಬಿಟ್ಟು ಬೇರೆ ಏನು ಕೊಡುತ್ತೀರೋ ಕೊಡಿ, ಯಾರನ್ನು ತರುತ್ತೀರೋ ತನ್ನಿ. ಇಲ್ಲ, ಕೊಟ್ಟೇ ಕೊಡುತ್ತೇವೆ ಎನ್ನುವುದಾದರೆ ಆ ಮಾತನ್ನು ರೇಡಿಯೋದಲ್ಲಿ ಹೇಳಬೇಡಿ. ಆಸ್ಪತ್ರೆಗೆ ಬನ್ನಿ, ಸ್ಟಾಶ್‌ನ ಮುಖ ನೋಡಿ ಹೇಳಿ. ಕುರ್ಚಿ ನಾನೇ ಹಾಕಿಕೊಡುತ್ತೇನೆ, ಮಂಚದ ಬಲಗಡೆಗೆ. ಅವನ ಬಲಗೈ ಚೆನ್ನಾಗಿಯೇ ಇದೆ.

ಇಂತಿ,
ಎಸೆದವಳೂ ಅಲ್ಲದ, ಬಾರಿಸಿದವಳೂ ಅಲ್ಲದ, ಹಿಂದೆ ಗ್ಲಾಸು ಹಿಡಿದು ನಿಂತಿದ್ದ
ಹೆಡ್ವಿಗ್ ಪಿಲಾರ್ಸ್ಕಿ