ನೂರ ಹದಿನೆಂಟನೇ ಪುಟ

ಫ್ಲೂಗರ್‌ವಿಲ್,
ಅಕ್ಟೋಬರ್ 19, 2025

ಚಂದ್ರು,

ಎರಡೂವರೆ ವರ್ಷ ಸುಮ್ಮನಿದ್ದು ಈಗ ಕ್ಷೇಮವೇ ಎಂದು ಕೇಳಿದರೆ ನಿನಗೆ ನಗು ಬರುತ್ತದೆ. ಜಡ್ಜ್ ಚುನಾವಣೆಗೆ ನಿಂತಿದ್ದೀಯಂತೆ, ಹ್ಯೂಸ್ಟನ್‌ನಲ್ಲಿ ಮನೆ ಮನೆಯ ಮುಂದೆ ನಿನ್ನ ಹೆಸರಿನ ಬೋರ್ಡು ನೆಟ್ಟಿದ್ದಾರಂತೆ. ಅಷ್ಟು ಗೊತ್ತಾಗಿದೆ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಇದರ ಜೊತೆ ಎರಡು ಪುಟದ ಅಫಿಡವಿಟ್ ಇದೆ. ಆಶ್ರಿತ್‌ನ ವಿಚಾರಣೆಯಲ್ಲಿ ತಪ್ಪು ಮಾಡಿದೆನೆಂದು ನೀನು ಒಪ್ಪಿಕೊಳ್ಳುವ ಮಾತು ಅದರಲ್ಲಿದೆ. ಸಹಿ ಹಾಕು.

ಏಪ್ರಿಲ್‌ನಲ್ಲಿ ಹ್ಯೂಸ್ಟನ್‌ನ ಅಪೀಲು ಕೋರ್ಟಿನಲ್ಲಿ ಅವನ ಪರವಾಗಿ ವಾದಿಸಿ ನಾನು ಸೋತೆ. ಮೊನ್ನೆ ಬುಧವಾರ ಆಸ್ಟಿನ್‌ನ ಕೊನೆಯ ಕೋರ್ಟೂ ಅರ್ಜಿ ತಳ್ಳಿಹಾಕಿತು. ಒಂದೇ ಸಾಲು, ಕಾರಣವಿಲ್ಲ. ಕುಡಿದು ಕಾರು ಓಡಿಸಿ ಒಬ್ಬ ಮುದುಕನ ಜೀವ ತೆಗೆದನೆಂದು ಆ ಹುಡುಗನಿಗೆ ಬಿದ್ದ ಹನ್ನೆರಡು ವರ್ಷದ ಜೈಲು ಹಾಗೇ ಉಳಿಯಿತು. ಯೂನಿವರ್ಸಿಟಿಗೆ ಓದಲು ಬಂದವನು ಮೂವತ್ತೇಳಕ್ಕೆ ಹೊರಗೆ ಬರುತ್ತಾನೆ.

ನಿನ್ನೆ ಕಾಪೆಲ್‌ಗೆ ಡ್ರೈವ್ ಮಾಡಿಕೊಂಡು ಹೋಗಿ ಅವನ ತಾಯಿಗೆ ಹೇಳಿ ಬಂದೆ. ಗುರವ್ವ ಗದಗಿನಿಂದ ಬಂದು ತಂಗಿಯ ಮಗಳ ಮನೆಯಲ್ಲಿ ಇದ್ದಾರೆ. ಅಪೀಲಿಗೆ ನಾನು ಬರೆದ ಬ್ರೀಫು, ಆ ಲಿಖಿತ ವಾದದ ಒಂದು ಪ್ರತಿ ಕೊಟ್ಟಿದ್ದೆ, ಅದನ್ನು ದೇವರ ಪಟದ ಮುಂದಿಟ್ಟು ಕುಂಕುಮ ಹಚ್ಚಿದ್ದಾರೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಸುದ್ದಿ ಹೇಳಿದಾಗ ಅಳಲಿಲ್ಲ. ಕೇಳಿದರು: "ಮೇಡಂ, ನೀವು ಅಷ್ಟೂ ಕಾಗದ ಓದೀರಿ. ನಮ್ಮ ಹುಡುಗನ ಪರವಾಗಿ ಹೇಳೂದು ಏನರ ಬಿಟ್ಟೀರೇನ್ರಿ?" ಇಲ್ಲಮ್ಮ ಎಂದೆ. ಹೊರಡುವಾಗ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕೊಟ್ಟರು. ಅದಿನ್ನೂ ಕಾರಿನಲ್ಲೇ ಇದೆ.

ಬಿಟ್ಟಿದ್ದೇನೆ, ಚಂದ್ರು. ಏನೆಂದು ನಿನಗೂ ಗೊತ್ತು. ವಾರಂಟ್ ಇಲ್ಲದೆ ಆಶ್ರಿತ್‌ನ ರಕ್ತ ತೆಗೆದದ್ದು ಕಾನೂನಿಗೆ ವಿರುದ್ಧ ಎಂದು ವಿಚಾರಣೆಗೆ ಮುಂಚೆಯೇ ನೀನು ಎರಡು ದಿನ ವಾದಿಸಿದ್ದೆ. ಚೆನ್ನಾಗಿಯೇ ವಾದಿಸಿದ್ದೆ. ಜಡ್ಜ್ ಒಪ್ಪದಿದ್ದರೂ ಮೇಲಿನ ಕೋರ್ಟಿನಲ್ಲಿ ನಾನು ಎತ್ತಲು ಆ ಜಗಳ ಜೀವಂತ ಉಳಿದಿತ್ತು. ಆಮೇಲೆ ಪ್ರಾಸಿಕ್ಯೂಟರ್ ರಕ್ತದ ವರದಿಯನ್ನು ಜ್ಯೂರಿಯ ಮುಂದಿಡಲು ಹೊರಟಾಗ ಜಡ್ಜ್ ನಿನ್ನ ಕಡೆ ತಿರುಗಿ ತಕರಾರಿದೆಯೇ ಎಂದು ಕೇಳಿದರು. ಕೋರ್ಟಿನಲ್ಲಿ ಆಡಿದ್ದೆಲ್ಲವನ್ನೂ ಬರೆದಿಟ್ಟ ದಾಖಲೆಯ ಸಂಪುಟ ನಾಲ್ಕು, ಪುಟ ನೂರ ಹದಿನೆಂಟು, ಒಂಬತ್ತನೇ ಸಾಲು, ನಿನ್ನ ಉತ್ತರ: "ತಕರಾರಿಲ್ಲ." ಆ ಮಾತಿನಿಂದ ಎರಡು ದಿನದ ವಾದ ನೀರುಪಾಲಾಯಿತು. ಕೆಳಗಿನ ಕೋರ್ಟಿನಲ್ಲಿ ತಕರಾರಿಲ್ಲ ಎಂದುಬಿಟ್ಟ ವಿಷಯಕ್ಕೆ ಅಪೀಲಿನಲ್ಲಿ ನಾನು ಬಾಯಿ ತೆರೆಯುವ ಹಾಗಿರಲಿಲ್ಲ.

ನೀನು ಅಂಥವನಲ್ಲ, ಅದೇ ಸಂಕಟ. ಡಲ್ಲಾಸ್‌ನಲ್ಲಿ ಓದು ಮುಗಿಸಿ ಹ್ಯೂಸ್ಟನ್‌ನಲ್ಲಿ ಆಫೀಸು ತೆರೆದಾಗಿನಿಂದ ನಮ್ಮದು ಒಂದೇ ಪದ್ಧತಿ. ನೀನು ಸಾಕ್ಷಿಗಳ ಮುಂದೆ ನಿಲ್ಲುವುದು, ನಾನು ಆಮೇಲೆ ಕೂತು ಆ ದಾಖಲೆ ಓದಿ ಅಪೀಲು ಬರೆಯುವುದು. ಹದಿನೇಳು ವರ್ಷದಲ್ಲಿ ನಾನು ಒಬ್ಬ ಸಾಕ್ಷಿಯ ಮುಖವನ್ನೂ ನೋಡಿಲ್ಲ. ಯಾರಾದರೂ ಅತ್ತರೆ ನನಗೆ ಸಿಗುವುದು "ಸಾಕ್ಷಿ ನೀರು ಕೇಳಿದರು" ಎಂಬ ಸಾಲು. ಆದರೆ ನಿನ್ನ ಪುಟಗಳಲ್ಲಿ ನಿನ್ನ ದನಿ ಕೇಳುತ್ತಿತ್ತು. ವಿರಾಮ ಸಿಕ್ಕಾಗ ಫೋನ್ ಮಾಡಿ, "ನಿನಗೋಸ್ಕರ ಎದ್ದು ನಿಂತು ತಕರಾರು ಹೇಳಿದೀನಿ ಕಣೇ, ಬರ್ಕೋ" ಎನ್ನುತ್ತಿದ್ದೆ. ನನ್ನ ಗಂಡ ಬೇರೆಯವರ ಗಂಡಂದಿರ ಹಾಗೆ ಹೂವು ತರುವವನಲ್ಲ, ತಕರಾರು ತರುವವನು ಎಂದು ಗೆಳತಿಯರ ಹತ್ತಿರ ಜಂಬ ಕೊಚ್ಚಿದ್ದೂ ಇದೆ.

ಈ ಅಪೀಲನ್ನು ನಾನು ಮುಟ್ಟಬಾರದಿತ್ತು. ನಿನ್ನ ಪುಟಗಳನ್ನು ನನ್ನಷ್ಟು ಚೆನ್ನಾಗಿ ಇನ್ಯಾರು ಓದುತ್ತಾರೆ ಎಂಬ ಹಮ್ಮು. ಓದಿದೆ. ಹುಡುಗನಿಗೆ ಉಳಿದಿದ್ದ ಗಟ್ಟಿ ಮಾತು ಒಂದೇ: ಅವನ ವಕೀಲ ಮಾಡಬೇಕಾದ್ದನ್ನು ಮಾಡಲಿಲ್ಲ. ಅದನ್ನು ಬರೆದರೆ ನಿನ್ನ ಹೆಸರು ತೀರ್ಪಿನಲ್ಲಿ ಬರುತ್ತಿತ್ತು. ಬರೆಯಲಿಲ್ಲ. ಲೊಳಲೊಟ್ಟೆಯಾದ ಎರಡು ಅಂಶ ಹಿಡಿದು ಐವತ್ತು ಪುಟ ತುಂಬಿಸಿದೆ. ಆ ಐವತ್ತು ಪುಟಕ್ಕೇ ಗುರವ್ವ ಕುಂಕುಮ ಹಚ್ಚಿರುವುದು.

ಈಗ ಒಂದು ಸಣ್ಣ ಬಾಗಿಲು ಉಳಿದಿದೆ. ಅದರೊಳಗೆ ನಾನು ಹೋಗುವಂತಿಲ್ಲ. ಹ್ಯೂಸ್ಟನ್‌ನ ಶ್ರೀಜಾ ಎಂಬ ವಕೀಲೆ ಹೊಸದಾಗಿ ಅರ್ಜಿ ಹಾಕಲು ಒಪ್ಪಿದ್ದಾಳೆ. ನಮ್ಮಿಬ್ಬರ ವಿರುದ್ಧವೂ ಬರೆಯುತ್ತಾಳೆ, ಬರೆಯಬೇಕು. ನೀನು "ತಕರಾರಿಲ್ಲ" ಎಂದದ್ದು ಒಂದು ತಂತ್ರ ಎಂದು ಸರಕಾರ ಹೇಳುತ್ತದೆ. ತಂತ್ರವಲ್ಲ, ಆ ಹೊತ್ತಿಗೆ ನನಗೆ ಗಮನವೇ ಇರಲಿಲ್ಲ ಎಂದು ಹೇಳಬಲ್ಲವನು ನೀನೊಬ್ಬನೇ. ಹೇಳಿದರೆ ಚುನಾವಣೆ ಹೋಗುತ್ತದೆ. ನನ್ನ ವಕೀಲಿಯಂತೂ ಮುಗಿದ ಹಾಗೆ. ಇಷ್ಟಾದರೂ ನೂರರಲ್ಲಿ ಎರಡೋ ಮೂರೋ ಅರ್ಜಿ ಗೆಲ್ಲುವುದು, ನಿನಗೆ ಸುಳ್ಳು ಹೇಳಲಾರೆ. ನನಗೆ ಆಸೆಯಿಲ್ಲ, ಚಂದ್ರು. ಬೆಳಿಗ್ಗೆ ಎದ್ದರೆ ಆ ಪುಟ, ಮಲಗಿದರೆ ಆ ಪುಟ. ಹುಡುಗ ಕುಡಿದಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನಿಗೆ ಸಿಗಬೇಕಾಗಿದ್ದ ಒಂದು ಮಾತನ್ನು ನಾವಿಬ್ಬರೂ ಸೇರಿ ನುಂಗಿದೆವು, ಅಷ್ಟು ಗೊತ್ತು.

ಶುಕ್ರವಾರದೊಳಗೆ ಶ್ರೀಜಾಳಿಗೆ ತಲುಪಿಸು. ನನಗೆ ಉತ್ತರ ಬರೆಯುವುದು ಬೇಡ.

ಇಂತಿ,
ಉಷಾರಾಣಿ

ಮರೆತಿದ್ದು: ಮರೆತಿದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೂರ ಹದಿನಾರನೇ ಪುಟದಲ್ಲಿ "ವಿರಾಮ, 10:40ರಿಂದ 10:55" ಎಂದಿದೆ. ನನ್ನ ಹಳೆಯ ಫೋನ್ ತೆಗೆದು ನೋಡಿದೆ. ಮನೆ ಬಿಟ್ಟು ಬಂದಿದ್ದೇನೆ, ಹುಡುಕಬೇಡ ಎಂದು ನಾನು ನಿನಗೆ ಫೋನ್ ಮಾಡಿ ಹೇಳಿದ್ದು ಆ ದಿನ 10:47ಕ್ಕೆ. ವಿರಾಮದ ಹೊತ್ತು ನೋಡಿಯೇ ಮಾಡಿದ್ದೆ, ನೀನು ಹೆಚ್ಚು ಮಾತಾಡಲಾಗಬಾರದೆಂದು. "ಇವತ್ತೇ ಹೇಳ್ಬೇಕಿತ್ತಾ, ಉಷಾ?" ಎಂದಷ್ಟೇ ನೀನು ಕೇಳಿದೆ. ಆಮೇಲೆ ಒಳಗೆ ಹೋಗಿ "ತಕರಾರಿಲ್ಲ" ಎಂದೆ. ಇಷ್ಟು ದಿನ ಅದನ್ನು ಯಾರಿಗೂ ಹೇಳಲಿಲ್ಲ ನೀನು. ನಾನು ಉಳಿಸಿದ್ದು ನಿನ್ನ ಹೆಸರನ್ನಲ್ಲ, ನನ್ನದನ್ನು. ಆ ಫೋನ್ ಯಾವ ದಾಖಲೆಯಲ್ಲೂ ಇಲ್ಲ, ನಾನೇ ಬೇರೆಯಾಗಿ ಬರೆದ ಅಫಿಡವಿಟ್‌ನ ಮೂರನೇ ಪ್ಯಾರಾದಲ್ಲಿ ಇದೆ. ಸಹಿ ಹಾಕಿ ಶ್ರೀಜಾಳಿಗೆ ಕಳಿಸಿಯಾಯಿತು. ಗುರವ್ವನಿಗೆ ಇನ್ನೂ ಹೇಳಿಲ್ಲ.