ಎಂಟು ದಿನದ ಹಾಜರಿ

ತೂಬಗೆರೆ
ನವೆಂಬರ್ ೧೯೪೨

ಪ್ರೀತಿಯ ಪಿಳ್ಳಪ್ಪ,

ಊರಿಗೆ ಬಂದು ಈ ಕಾಗದ ಬರೆಯುತ್ತಿದ್ದೇನೆ. ಅಳು ಬರುತ್ತಿಲ್ಲ. ಅವ್ವ ಬಡಿಸಿದ ಮುದ್ದೆ ನುಂಗಿದೆ, ರುಚಿ ಗೊತ್ತಾಗಲಿಲ್ಲ. ಶುಕ್ರವಾರ ಕಾಲೇಜಿಗೆ ಸರ್ಕಾರದ ಕಾಗದ ಬಂತು. ನಿನ್ನನ್ನು ಮತ್ತೆ ಸೇರಿಸಿಕೊಳ್ಳುವಂತಿಲ್ಲ.

ಆಗಸ್ಟಿನಲ್ಲಿ ನೀನು ಮೆರವಣಿಗೆಗೆ ಹೋಗಿ ಎಂಟು ದಿನ ಲಾಕಪ್ಪಿನಲ್ಲಿದ್ದೆ. ಆ ಎಂಟೂ ದಿನ ನಿನ್ನ ರೋಲ್ ನಂಬರಿಗೆ "ಪ್ರೆಸೆಂಟ್ ಸಾರ್" ಅಂದವನು ನಾನು. ನೀನು ಕೇಳಿರಲಿಲ್ಲ. ಹಾಸ್ಟೆಲ್ ಹುಡುಗರಲ್ಲಿ ಅದು ಕೇಳಿ ಮಾಡುವ ಕೆಲಸವೂ ಅಲ್ಲ. ನನಗೆ ಜ್ವರ ಬಂದಾಗ ನೀನೂ ಕೂಗಿದ್ದೆ. ಹಾಜರಿ ಕಮ್ಮಿಯಾದರೆ ನಿನ್ನನ್ನು ಪರೀಕ್ಷೆಗೆ ಕೂರಿಸುವುದಿಲ್ಲವೆಂದು ನನಗೆ ದಿಗಿಲು.

ಮೆರವಣಿಗೆಗೆ ಹೋಗಿ ಗೈರಾದವರನ್ನೆಲ್ಲ ಕಾಲೇಜು ಕೌನ್ಸಿಲ್ ಮನ್ನಿಸಿತು, ನಿನ್ನೊಬ್ಬನನ್ನು ಬಿಟ್ಟು. ಪೊಲೀಸರ ಪಟ್ಟಿಯಲ್ಲಿ ನೀನು ಲಾಕಪ್ಪಿನಲ್ಲಿ, ರಿಜಿಸ್ಟರಿನಲ್ಲಿ ಕ್ಲಾಸಿನಲ್ಲಿ. ಸುಳ್ಳು ಹಾಜರಿ ಎಂದು ಸರ್ಕಾರದಿಂದ ಆರ್ಡರ್ ಬಂದು ನಿನ್ನ ಹೆಸರು ಹೊಡೆದುಹಾಕಿದರು. ಕೂಗಿದವನು ಯಾರೆಂದು ನಿನಗೆ ಗೊತ್ತಿತ್ತು. ನೀನು ಹೇಳಲಿಲ್ಲ.

ಒಂದು ತಿಂಗಳು ನಾನೂ ಬಾಯಿ ಬಿಡಲಿಲ್ಲ ಕಣೋ. ಕೊನೆಗೆ ಆದಿನಾರಾಯಣಪ್ಪ ಮೇಷ್ಟ್ರ ಹತ್ತಿರ ಒಪ್ಪಿಕೊಂಡೆ. "ಅಲ್ಲಯ್ಯಾ, ಒಂದೇ ಗಂಟಲಲ್ಲಿ ಇಬ್ರು ಓದ್ತಿದ್ರೇನಯ್ಯಾ?" ಎಂದು ಗದರಿ ನನ್ನನ್ನು ಕೌನ್ಸಿಲ್ ಮುಂದೆ ನಿಲ್ಲಿಸಿದರು. ಲೆಕ್ಚರರುಗಳೆಲ್ಲ ಕೈಯೆತ್ತಿದರು: ನಿನ್ನನ್ನು ಸೇರಿಸಿಕೊಳ್ಳುವುದು, ನನ್ನನ್ನು ಒಂದು ಟರ್ಮ್ ಹೊರಗಿಡುವುದು. "ನಮ್ಮ ಹುಡುಗರ ವಿಚಾರ ನಾವೇ ನೋಡ್ಕೋತೀವಿ. ಅಷ್ಟೂ ಅಧಿಕಾರ ಇಲ್ದಿದ್ರೆ ಇದು ಕಾಲೇಜೇ ಅಲ್ಲ, ಬರೀ ಅಂಚೆ ಪೆಟ್ಟಿಗೆ" ಎಂದರು ಪ್ರಿನ್ಸಿಪಾಲರು. ಅವತ್ತು ಮಾತ್ರ ನಾನು ಹೊಟ್ಟೆ ತುಂಬ ಉಂಡೆ.

ಶುಕ್ರವಾರದ ಕಾಗದದಲ್ಲಿ ಮೂರೇ ಸಾಲು. ಕೌನ್ಸಿಲ್ ಸಲಹೆ ಕೊಡಬಹುದು, ತೀರ್ಮಾನಿಸುವಂತಿಲ್ಲ. ಅದರ ನಿರ್ಣಯ ರದ್ದು. ನಿರ್ಣಯದ ಜೊತೆಗೆ ನನ್ನ ಶಿಕ್ಷೆಯೂ ರದ್ದಾಯಿತು! ತಪ್ಪು ಮಾಡಿದವನು ಸೋಮವಾರ ಬೆಂಚಿನ ಮೇಲೆ ಕೂರಬಹುದು. "ಹೋಗಯ್ಯಾ, ಓದ್ಕೋ ಹೋಗು" ಎಂದರು ಮೇಷ್ಟ್ರು, ಮುಖ ನೋಡದೆ. ಸಂತೋಷವೂ ಇಲ್ಲ, ನಾಚಿಕೆಯೂ ಇಲ್ಲ. ಒಳಗೆಲ್ಲ ಜೋಮು ಹಿಡಿದಂತಿದೆ.

ದೊಡ್ಡಬಳ್ಳಾಪುರದ ಸಂತೆಯಲ್ಲಿ ನಿಮ್ಮಮ್ಮ ನಮ್ಮವ್ವನಿಗೆ ಸಿಕ್ಕಿದ್ದರಂತೆ. "ಲಾಕಪ್ಪಿಗೆ ಹೋಗಿದ್ಕೆ ನಾನು ತಲೆ ತಗ್ಸಲ್ಲಕ್ಕಾ, ಕಳ್ಳ ಹಾಜ್ರಿ ಹಾಕಿಸ್ಕೊಂಡ್ನಲ್ಲಾ, ಅದಕ್ಕೆ ತಗ್ಸಿದೀನಿ" ಎಂದರಂತೆ. ಅವ್ವನಿಗೂ ನಿಜ ಗೊತ್ತಿರಲಿಲ್ಲ, "ಅಯ್ಯೋ ಪಾಪ" ಎಂದು ಬಂದಳು. ಇವತ್ತು ಹೇಳಿದೆ. ಮುದ್ದೆ ಬಡಿಸಿ ಬೆನ್ನು ತಿರುಗಿಸಿ ಕೂತಳು.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ದೊಡ್ಡಬೆಳವಂಗಲಕ್ಕೆ, ನಿಮ್ಮ ಮನೆಗೆ ಬರ್ತೀನಿ. ನಿನ್ನ ಸೀಟು ತರಲಾರೆ. ನಿಮ್ಮಮ್ಮನ ಎದುರಿಗೆ ನಿಂತು ಹೇಳಬಲ್ಲೆ, ಅಷ್ಟೇ. ಅವರು ಬೈಯುವಾಗ ನೀನು ಅಡ್ಡ ಬರಬೇಡ.

ಯಾವ ಊರಿನಲ್ಲಾದರೂ ಸರಿ, ನಿನ್ನ ಓದು ಮುಂದುವರಿಯಲಿ.

ನಿನ್ನ
ವೆಂಕಟರಾಮಪ್ಪ